ಶಿರಸಾಯಾ ಬೇಕೋ, ಕೊಶಿರಾಯೆ ಬೇಕೋ?

ಹಳೆಯ ಜಪಾನಿ ಕತ್ತಿ ಕೊಳ್ಳಲು ಹೊರಟವರಿಗೆ ಈ ಪ್ರಶ್ನೆ ಎದುರಾಗುತ್ತದೆ. ಅಲಗು ಅದೇ, ಉಡುಗೆ ಬೇರೆ.

ಶಿರಸಾಯಾ ಎಂದರೆ ಹೋನೋಕಿ ಮರದ ಸಾದಾ ಒರೆ ಮತ್ತು ಹಿಡಿ. ಮೆರುಗಿಲ್ಲ, ಕೈ ಕಾಯುವ ತ್ಸುಬಾ ಇಲ್ಲ. ನನಗೆ ಇದರ ಮೇಲೇ ಪ್ರೀತಿ ಜಾಸ್ತಿ. ಒರೆಯ ಎರಡು ಹೋಳುಗಳನ್ನು ಅನ್ನದ ಅಂಟಿನಿಂದ ಕೂಡಿಸಿರುತ್ತಾರೆ. ಒಳಗೆ ಕೊಳೆ, ತುಕ್ಕು ಸೇರಿದರೆ ಬಿಡಿಸಿ, ಕೆರೆದು, ಮತ್ತೆ ಅಂಟಿಸಬಹುದು. ಎಂಥ ಜಾಣತನ ಅಲ್ವಾ! ಆದರೆ ಇದು ಅಲಗನ್ನು ಜೋಪಾನವಾಗಿಡಲು ಮಾತ್ರ. ಸುಮ್ನೆ ಕೂಡ ಬೀಸಬೇಡಿ. ಹಿಡಿ ಬಿರುಕು ಬಿಡಬಹುದು, ಕೈ ಜಾರಿ ಅಲಗಿಗೆ ತಾಗಬಹುದು.

ಬಳಕೆಗೆ, ನೋಟಕ್ಕೆ ಕೊಶಿರಾಯೆ. ಹಿಡಿಗೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಬಿಗಿಯಾಗಿ ಸುತ್ತಿದ ರೇಷ್ಮೆ ಅಥವಾ ಹತ್ತಿಯ ಪಟ್ಟಿ. ಒರೆಗೆ ಉರುಶಿ ಎಂಬ ಮರದ ರಸದ ಮೆರುಗು.

ಎರಡರಲ್ಲೂ ಅಲಗನ್ನು ಹಿಡಿಗೆ ಭದ್ರಪಡಿಸುವುದು ಮೆಕುಗಿ ಎಂಬ ಪುಟ್ಟ ಬಿದಿರಿನ ಬೆಣೆ. ಕೊಳ್ಳುವ ಮುಂಚೆ ಅದನ್ನು ತೆಗೆಸಿ, ಹಿಡಿಯೊಳಗೆ ಸೇರಿರುವ ಅಲಗಿನ ಬುಡ, ಅಂದರೆ ನಕಾಗೊ ಭಾಗ ನೋಡಿ. ಅಲ್ಲಿನ ಕಪ್ಪು ತುಕ್ಕನ್ನು ಮಾತ್ರ ಉಜ್ಜಬೇಡಿ. ಅಲಗಿನ ವಯಸ್ಸಿಗೆ ಅದೇ ಸಾಕ್ಷಿ.

ಎರಡೂ ಸಿಕ್ಕರೆ ಅಲಗು ಶಿರಸಾಯಾದಲ್ಲಿರಲಿ. ಕೊಶಿರಾಯೆಗೆ ತ್ಸುನಾಗಿ ಎಂಬ ಮರದ ಅಲಗು ಹಾಕಿಡಿ.