ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ: ಅಡಿಕೆ ಬೆಳೆಗಾರರ ಚರ್ಚಾ ಆ್ಯಪ್, ಆರು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಏನೇ ತೊಂದರೆ ಕಂಡರೂ ನಾನು ಮೊದಲು ತೆರೆಯುವುದು ಈ ಆ್ಯಪ್. ಹೆಸರು ಬರೆಯುತ್ತಿಲ್ಲ, ಇಂಥವೇ ಇನ್ನೂ ಎರಡು ಬಳಸಿ ನೋಡಿದ್ದೇನೆ, ಅಲ್ಲೂ ಇದೇ ಕಥೆ. ಇಲ್ಲಿರುವ ಜನರ ಬಗ್ಗೆ ನನಗೆ ತುಂಬು ಗೌರವ. ನಲವತ್ತು ವರ್ಷ ತೋಟ ಮಾಡಿದವರು ರಾತ್ರಿ ಊಟ ಮುಗಿಸಿ ಕೂತು, ಗುರುತು ಪರಿಚಯ ಇಲ್ಲದವರ ಪ್ರಶ್ನೆಗೆ ಬಿಡಿಸಿ ಬಿಡಿಸಿ ಉತ್ತರ ಬರೆಯುತ್ತಾರೆ. ಆ ಉತ್ತರ ಕೇಳಿದವರಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂಬುದೇ ನನ್ನ ಸಂಕಟ.

ಹೋದ ವರ್ಷ ಜೂನ್ ಮೊದಲ ವಾರ. ಕೊಳೆ ರೋಗಕ್ಕೆ ಮೊದಲ ಔಷಧಿ ಹೊಡೆಯುವ ಕಾಲ. ಒಬ್ಬರು ಸುಳಿ ಕೊಳೆತ ಮರದ ಫೋಟೊ ಹಾಕಿದ್ದರು. ಹಿರಿಯರೊಬ್ಬರ ಜೊತೆ ಅವರ ಮಾತು ನಡೆದಿರುವಾಗಲೇ, ಹೊಸದಾಗಿ ತೋಟದ ಜವಾಬ್ದಾರಿ ಹೊತ್ತ ಹುಡುಗನೊಬ್ಬ ನಡುವೆ ಬಂದು, ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ನೀರಿನ ಅಳತೆ ಕೇಳಿದ. ಹಿರಿಯರು ಮೊದಲಿನವರಿಗೆ ಬರೆದರು: "1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು." ಕೊಳೆತದ್ದನ್ನು ಕೆತ್ತಿ ತೆಗೆದ ಮೇಲೆ ಸುಳಿಗೆ ಹಚ್ಚುವ ಶೇ. 10ರ ಬೋರ್ಡೋ ಮುಲಾಮಿಗೆ ಅದು ಸರಿಯಾದ ಲೆಕ್ಕ. ಗೊನೆಗೆ ಹೊಡೆಯುವ ಶೇ. 1ರ ದ್ರಾವಣಕ್ಕೂ ಅಷ್ಟೇ ತುತ್ತ, ಅಷ್ಟೇ ಸುಣ್ಣ, ಆದರೆ ನೀರು 100 ಲೀಟರ್.

ಈ ಆ್ಯಪ್‌ನಲ್ಲಿ ಉತ್ತರಕ್ಕೆ ಉತ್ತರ ಎರಡು ಮೆಟ್ಟಿಲು ಇಳಿದರೆ ಮುಗಿಯಿತು. ಆಮೇಲೆ ಬಂದದ್ದೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಹಿರಿಯರ ಮಾತು ಹುಡುಗನ ಪ್ರಶ್ನೆಯ ಕೆಳಗೇ ಹೋಗಿ ಕೂತಿತು. "ಥ್ಯಾಂಕ್ಸ್ ಅಣ್ಣ, ನಾಳೆ ಬೆಳಿಗ್ಗೆ ಕಲಸ್ತೀನಿ" ಎಂದು ಅವನು ಬರೆದೂಬಿಟ್ಟ.

ನಾನು ಅದನ್ನು ನೋಡಿದ್ದು ರಾತ್ರಿ ಹತ್ತಕ್ಕೆ. ಎದೆ ಧಸಕ್ಕೆಂದಿತು. "ಅದು ಹಚ್ಚುವ ಮುಲಾಮು, ಹೊಡೆಯುವುದಲ್ಲ, 100 ಲೀಟರ್ ಹಾಕು" ಎಂದು ಬರೆದು ಕಳಿಸಿದೆ. ನನ್ನ ಮಾತು "ಇನ್ನೂ 31 ಉತ್ತರಗಳು" ಎಂಬ ಮಡಿಕೆಯೊಳಗೆ ಸೇರಿಕೊಂಡಿತು, ಏಕೆಂದರೆ ಇಲ್ಲಿ ಮೇಲೆ ಕಾಣುವುದು ಹೆಚ್ಚು ಲೈಕ್ ಬಿದ್ದದ್ದು. ಔಷಧಿ ಹೊಡೆಯುವವರು ಬೇಕು ಎಂದು ಅವನೇ ಹಾಕಿದ್ದ ಹಳೇ ಪೋಸ್ಟ್ ಹುಡುಕಿ, ನಂಬರ್ ತೆಗೆದು, ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. ಬಕೆಟ್‌ನಲ್ಲಿ ತುತ್ತ ನೆನೆಹಾಕಿ ಮಲಗಿದ್ದ. ಸುಣ್ಣ ಇನ್ನೂ ಬೆರೆಸಿರಲಿಲ್ಲ.

ಇದು ಬಿಡಿಸಲಾಗದ ಒಗಟೇನೂ ಅಲ್ಲ. ಇ-ಮೇಲ್‌ನಲ್ಲಿ, ತಾನು ಯಾವ ಪತ್ರಕ್ಕೆ ಉತ್ತರ ಎಂಬ ಗುರುತನ್ನು ಪತ್ರವೇ ಹೊತ್ತುಕೊಂಡು ಹೋಗುವ ಏರ್ಪಾಡಿದೆ. ಇ-ಮೇಲ್ ಹೇಗಿರಬೇಕೆಂದು ಗೊತ್ತುಮಾಡಿದ 1982ರ ಆರ್‌ಎಫ್‌ಸಿ 822 ಎಂಬ ದಾಖಲೆಯಲ್ಲೇ ಅದಕ್ಕೆ ಜಾಗವಿತ್ತು. ವಾಟ್ಸ್ಆ್ಯಪ್‌ನಲ್ಲಿ 2016ರಿಂದ ಮೂಲ ಮೆಸೇಜಿನ ತುಣುಕು ಉತ್ತರದ ತಲೆಯ ಮೇಲೆ ಕಾಣುತ್ತದೆ, ಮುಟ್ಟಿದರೆ ಅಲ್ಲಿಗೇ ಕರೆದೊಯ್ಯುತ್ತದೆ. ಈ ಆ್ಯಪ್‌ನಲ್ಲಿ ನೋಟಿಫಿಕೇಶನ್ ಒತ್ತಿದರೆ ಪೋಸ್ಟಿನ ತಲೆಗೆ ಹೋಗಿ ಬೀಳುತ್ತೇನೆ. ಅಲ್ಲಿಂದ ನನಗೆ ಬಂದ ಉತ್ತರವನ್ನು ಬೆರಳಿನಲ್ಲಿ ಜಾರಿಸುತ್ತಾ ಹುಡುಕಬೇಕು.

ಕನ್ನಡದಲ್ಲಿ ಬರೆಯುವವರಿಗೆ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಉತ್ತರದ ಪೆಟ್ಟಿಗೆಯಲ್ಲಿ ಕಾಣುವುದು ಎರಡೇ ಸಾಲು, ಅದರಲ್ಲೂ ಕೆಳಗಿನ ಸಾಲಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. 'ತುತ್ತ' ಎಂದು ಬರೆದರೆ ತೆರೆಯ ಮೇಲೆ 'ತುತ' ಎಂದೇ ಕಾಣುತ್ತದೆ. ಬರೆದದ್ದು ಸರಿ ಇದೆಯೋ ಇಲ್ಲವೋ ಎಂದು ಅಳಿಸಿ ಮತ್ತೆ ಬರೆಯುವುದೇ ಆಗುತ್ತದೆ. 500 ಅಕ್ಷರದ ಮಿತಿಯ ಲೆಕ್ಕವೂ ನಮ್ಮ ಲೆಕ್ಕ ಅಲ್ಲ. 'ಸ್ತ್ರೀ' ನಮಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ ಅದು ಆರು ಸಂಕೇತ, ಆ್ಯಪ್ ಎಣಿಸುವುದೂ ಆರು. ಒಂದು ಅಳತೆಯನ್ನು ಎಚ್ಚರಿಕೆಯ ಸಮೇತ ಪೂರ್ತಿ ಬರೆಯುವಷ್ಟರಲ್ಲಿ ಜಾಗ ಖಾಲಿ. ಜನ ಎಚ್ಚರಿಕೆ ಬಿಟ್ಟು ಅಳತೆ ಮಾತ್ರ ಬರೆಯುತ್ತಾರೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಬರೆದದ್ದೂ ಹೋಗುತ್ತದೆ.

ನನಗೆ ತುಂಬಾ ನೋವು ತಂದದ್ದು ಬೇರೆ. ಪ್ರಶ್ನೆ ಕೇಳಿದವರು ಕೆಲಸ ಆದ ಮೇಲೆ ಅದನ್ನು ಅಳಿಸಿದರೆ, ಅದರಡಿಯ ಉತ್ತರಗಳೂ ಮಾಯ. ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಿ, ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಅದನ್ನು ಹಂತ ಹಂತವಾಗಿ ಫೋಟೊ ಸಮೇತ ವಿವರಿಸಿದ್ದ ಉತ್ತರವೊಂದು ಹಾಗೇ ಹೋಯಿತು. ಬರೆದ ಹಿರಿಯರು ಈಗಿಲ್ಲ.

ಧ್ವನಿಯಲ್ಲಿ ಉತ್ತರ ಕೊಡುವ ಸೌಲಭ್ಯ ಈಚೆಗೆ ಬಂದಿದೆ, ಟೈಪ್ ಮಾಡಲಾಗದವರಿಗೆ ಅದು ದೊಡ್ಡ ಉಪಕಾರ. ಆ್ಯಪ್ ತಂಡಕ್ಕೆ ಇದನ್ನೆಲ್ಲ ಎರಡು ಸಲ ಬರೆದಿದ್ದೇನೆ. ಸದ್ಯಕ್ಕೆ ನಾನು ಪ್ರತಿ ಉತ್ತರದ ಮೊದಲ ಸಾಲಿನಲ್ಲೇ ಕೇಳಿದವರ ಹೆಸರು, ರೋಗದ ಹೆಸರು, ಹೊಡೆಯುವುದೋ ಹಚ್ಚುವುದೋ ಎಂಬುದನ್ನು ಬರೆಯುತ್ತೇನೆ. ಐದರಲ್ಲಿ ಎರಡು ನಕ್ಷತ್ರ, ಆ ಎರಡೂ ಅಲ್ಲಿ ಬರೆಯುವ ಜನರಿಗೆ.