ರೌಟರ್‌ಗೆ ಹಚ್ಚೋ ಮಿನಿ ಯುಪಿಎಸ್: ಗೋವಾದ ಮಳಿಗಾಲಕ್ಕ ತಾಳತೈತೋ ಇಲ್ಲೋ

ಮೊದ್ಲ ಹೇಳಿಬಿಡ್ತೀನಿ, ಕರೆಂಟ್ ಹೋದಾಗ ರೌಟರ್‌ನ ಬ್ಯಾಟರಿ ಮ್ಯಾಲ ನಡಸೋ ಸಾಮಾನು ಇದು. ನಿಮ್ಮ ಮನಿ ಒಳಗ ತನಕ ಫೈಬರ್ ವೈರ್ ಬಂದಿದ್ರ ಕಣ್ಣು ಮುಚ್ಚಿ ತಗೋರಿ, ಕೇಬಲ್‌ನವ್ರು ಬಿಲ್ಡಿಂಗ್ ತನಕ ಫೈಬರ್ ತಂದು ಅಲ್ಲಿಂದ ಲ್ಯಾನ್ ವೈರ್ ಎಳದಿದ್ರ ರೊಕ್ಕ ಉಳಿಸ್ಕೋರಿ. ಯಾಕ ಅಂತ ಮುಂದ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ.

ವಸ್ತು ಅಂಗೈ ಅಷ್ಟ ಐತಿ, ಕರಿ ಡಬ್ಬಿ. ರೌಟರ್ ಜೊತಿ ಬಂದ ಅಡಾಪ್ಟರ್ ಪಿನ್ ಇದಕ್ಕ ಚುಚ್ಚೋದು, ಇದರಿಂದ ಒಂದು ವೈರ್ ರೌಟರ್‌ಗೆ, ಮುಗೀತು. ಒಳಗ ಲಿಥಿಯಂ ಸೆಲ್ ಇರ್ತಾವು. ನಾ ಇಲ್ಲಿ ಗೋವಾದ ವಾಸ್ಕೋ ಮಾರ್ಕೆಟ್‌ನ್ಯಾಗ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಾಗ ತಗೊಂಡೆ, ಸಾವಿರದ ನಾಕನೂರರ ಹತ್ತರ ಬಿತ್ತು, ಆನ್‌ಲೈನ್‌ನ್ಯಾಗ ಒಂದೀಟು ಕಡಿಮಿ ಸಿಗತೈತಿ ಖರೆ ಆದ್ರ ಕೆಟ್ರ ಹೋಗಿ ಜಗಳಾಡಾಕ ಒಬ್ಬ ಮನಷ್ಯಾ ಎದುರಿಗೆ ಬೇಕಲ್ರಿ. ಅಂಗಡಿಯಾಂವ ಗದಗ ಕಡೆಯಾಂವ, "ಅಣ್ಣಾ, ಇದಕ್ಕ ಟಿವಿ ಗಿವಿ ಹಚ್ಚೀರಿ ಮತ್ತ, ರೌಟರ್ ಒಂದಕ್ಕ ಅಷ್ಟ" ಅಂತ ಬಿಲ್ ಮಾಡೂದಕ್ಕಿಂತ ಮೊದ್ಲ ಹೇಳಿದ, ಅದು ನನಗ ಭಾಳ ಸೇರಿತು.

ಇಲ್ಲಿ ಇರೋ ನಮ್ಮ ಮಂದಿಗೆ ಗೊತ್ತೈತಿ, ಮೇ ತಿಂಗಳ ಕೊನಿಗೆ ಗಾಳಿ ಚಾಲೂ ಆತಂದ್ರ ತೆಂಗಿನ ಗರಿ, ಮಾವಿನ ಟೊಂಗಿ ಎಲ್ಲಾ ಸೀದಾ ಕರೆಂಟ್ ವೈರ್ ಮ್ಯಾಲ. 2021ರ ಮೇ 16ಕ್ಕ ತೌಕ್ತೆ ಚಂಡಮಾರುತ ಗೋವಾ ದಂಡಿ ಪಕ್ಕಕ್ಕ ಹಾದು ಗುಜರಾತಿಗೆ ಹೋತು, ದಾಟಿ ಹೋಗಿದ್ದಷ್ಟ, ಅಷ್ಟಕ್ಕ ಕಂಬ ಬಿದ್ದು ಗಿಡ ಬಿದ್ದು ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮ್ಯಾಲ ಕೊರೊನಾ ಕರ್ಫ್ಯೂ ಬ್ಯಾರೆ. ಕರೆಂಟ್ ಕಂಪ್ಲೇಂಟ್ ನಂಬರ್ 1912ಕ್ಕ ಫೋನ್ ಹಚ್ಚಿ ಹಚ್ಚಿ ಬೆರಳು ಸವದ್ವು. ಅಂಥಾ ದೊಡ್ಡ ಹೊಡತಕ್ಕ ಈ ಡಬ್ಬಿ ಏನೂ ಮಾಡಂಗಿಲ್ಲ, ಅದನ್ನ ಮೊದ್ಲ ತಲಿಯಾಗ ಇಟ್ಕೋರಿ. ಇದು ಇರೋದು ದಿನಾ ಬರೋ ಸಣ್ಣ ಕಾಟಕ್ಕ, ಕರೆಂಟ್ ಐದು ನಿಮಿಷ ಹೋಗೋದು, ಬರೋದು, ಮತ್ತ ಹೋಗೋದು.

ನನಗ ಈ ಸಣ್ಣ ಕಾಟನ ದೊಡ್ಡದು ಯಾಕಂದ್ರ ನಮ್ದೊಂದು ರಾತ್ರಿ ಗ್ಯಾಂಗ್ ಐತಿ. ಹುಬ್ಬಳ್ಳಿಯಾಂವ ಒಬ್ಬ, ಬೀದರ್‌ನಾಂವ ಒಬ್ಬ, ಪುಣೆದಾಗ ಇರೋ ಅಕ್ಕ, ಮಸ್ಕತ್‌ನ್ಯಾಗ ಕೆಲಸ ಮಾಡೋ ಮಾಮಾ (ವಯಸ್ಸಿಗೆ ಮಾಮಾ ಅಂತೀವಿ, ಸಂಬಂಧ ಏನಿಲ್ಲ). ಎಲ್ಲಾರೂ ಆನ್‌ಲೈನ್ ಚೆಸ್‌ನಿಂದ ಗುರ್ತಾದವ್ರು, ಮುಖಾಮುಖಿ ಯಾರೂ ಯಾರನ್ನೂ ನೋಡಿಲ್ಲ, ಆದ್ರ ಊಟ ಆದ ಮ್ಯಾಲ ಗ್ರೂಪ್ ಕಾಲ್ ಹಚ್ಚಿ ಆಡ್ಕೋತ ಬೈದಾಡ್ಕೋತ ಕುಂದರ್ಲಿಲ್ಲಂದ್ರ ನಿದ್ದಿ ಬರಂಗಿಲ್ಲ. ಮಾಮಾ ಅಲ್ಲಿಂದ ಸ್ಯಾಟಲೈಟ್ ಫೋಟೋ ನೋಡಿ "ನಿಮ್ಮ ಕಡೆ ಮೋಡ ಬಂತೋ" ಅಂತ ನಮ್ಮಕಿಂತ ಮೊದ್ಲ ಹೇಳ್ತಾರ. ಈಗ ಹತ್ತು ನಿಮಿಷದ ಆಟದಾಗ ಕರೆಂಟ್ ಒಂದು ಸೆಕೆಂಡ್ ಹೋದ್ರೂ ರೌಟರ್ ಬಂದ್ ಆಗಿ, ಚಾಲೂ ಆಗಿ, ಲೈಟ್ ಹಸರ ಆಗೋತನಕ ಎರಡು ಮೂರು ನಿಮಿಷ ಬೇಕು, ಅಷ್ಟರಾಗ ಗಡಿಯಾರ ಓಡಿ ಓಡಿ ಆಟನ ಹೋತು. ಮೊಬೈಲ್ ಡೇಟಾ ಇಲ್ಲೇನು ಅಂತೀರಿ, ಐತಿ, ಆದ್ರ ಏರಿಯಾಕ್ಕ ಏರಿಯಾನ ಕತ್ತಲಾದಾಗ ಎಲ್ಲಾರೂ ಒಂದ ಟವರ್ ಮ್ಯಾಲ ಬೀಳ್ತಾರ, ಟವರ್‌ಗೂ ಬ್ಯಾಟರಿನ, ಅದೂ ಎಷ್ಟೊತ್ತು ಅಂತ ತಾಳೀತು.

ಡಬ್ಬಿ ಹಚ್ಚಿದ ಮ್ಯಾಲ ಒಂದು ರಾತ್ರಿ ನಮ್ಮ ಮಂಗೋರ್ ಹಿಲ್ ಏರಿಯಾ ಇಡೀ ಕತ್ತಲ, ನಾ ಕಾಲ್‌ನ್ಯಾಗ "ಕರೆಂಟ್ ಹೋತು" ಅಂದೆ, ಬೀದರ್‌ನಾಂವ "ಸುಳ್ಳ ಹೇಳಬ್ಯಾಡ, ಸೋಲಾಕತ್ತಿ ಅಂತ ನೆವ ಹುಡುಕಾಕತ್ತಿ" ಅಂದ. ಕಾಲ್ ಒಂದು ಚೂರೂ ಕಟ್ ಆಗಿರಲಿಲ್ಲ.

ಈಗ ಲೆಕ್ಕ. ಡಬ್ಬಿ ಮ್ಯಾಲ 8000 ಎಂಎಎಚ್ (ಬ್ಯಾಟರಿ ಎಷ್ಟು ಹಿಡೀತೈತಿ ಅನ್ನೋ ಅಳತಿ) ಅಂತ ಬರದಾರ, ಅದನ್ನ ನೋಡಿ ಹಿಗ್ಗಬ್ಯಾಡ್ರಿ, ಅದು ಸೆಲ್‌ನ 3.7 ವೋಲ್ಟ್ ಲೆಕ್ಕ, ಗುಣಿಸಿದ್ರ ಸುಮಾರು 30 ವ್ಯಾಟ್ ಅವರ್ ಆಗ್ತೈತಿ. ರೌಟರ್ ಏಳು ವ್ಯಾಟ್ ತಿಂದ್ರ ನಾಕು ತಾಸು, 12 ವೋಲ್ಟ್‌ಗೆ ಏರಿಸೋದರಾಗ ಹಾಳಾಗೋದು ಕಳದ್ರ ಮೂರೂವರಿ, ನನಗೂ ಹೆಚ್ಚುಕಡಿಮಿ ಅಷ್ಟ ಬರಾಕತ್ತೈತಿ. ಬಾಕ್ಸ್ ಮ್ಯಾಲ ಆರು ತಾಸು ಅಂತ ಐತಿ, ಬಿಡ್ರಿ. ವಿಡಿಯೋ ಬಂದ್ ಮಾಡಿದ್ರ ಇನ್ನೂ ಹೆಚ್ಚು ಬರತೈತಿ ಅಂತ ಕೆಲವರು ಹೇಳ್ತಾರ, ಅದರಿಂದ ಉಳಿಯೋದು ಫೋನ್ ಬ್ಯಾಟರಿ, ರೌಟರ್ ತಿನ್ನೋದು ಹೆಚ್ಚುಕಡಿಮಿ ಅಷ್ಟ.

ಫೈಬರ್ ಮಾತಿಗೆ ಬರ್ತೀನಿ. ಮನಿಗೆ ಬರೋ ಫೈಬರ್ ಕನೆಕ್ಷನ್‌ದಾಗ ಸಾಮಾನ್ಯಕ್ಕ ನೆಟ್ ಕಂಪನಿಯವ್ರ ಎಕ್ಸ್‌ಚೇಂಜ್‌ನಿಂದ ನಿಮ್ಮ ಗ್ವಾಡಿ ತನಕ ನಡುವ ಕರೆಂಟ್ ಬೇಕಾಗೋ ಸಾಮಾನು ಇರಂಗಿಲ್ಲ, ಕಂಬದ ಮ್ಯಾಲಿನ ಸ್ಪ್ಲಿಟರ್ ಬರೇ ಬೆಳಕು ಹಂಚತೈತಿ ಅಷ್ಟ. ಆ ಕಡೆ ಅವರ ಹತ್ತರ ಬ್ಯಾಟರಿ ಇರತೈತಿ, ಈ ಕಡೆ ನಿಮ್ಮ ಹತ್ತರ ಡಬ್ಬಿ ಐತಿ, ನೆಟ್ ಬರತೈತಿ. ಅದೇ ಲ್ಯಾನ್ ವೈರ್ ಆದ್ರ ಬಿಲ್ಡಿಂಗ್ ಮೆಟ್ಟಲ ಕೆಳಗ ಮನಿ ಮನಿಗೆ ನೆಟ್ ಹಂಚೋ ಒಂದು ನೆಟ್‌ವರ್ಕ್ ಸ್ವಿಚ್ ಕುಂತಿರತೈತಿ, ಬಿಲ್ಡಿಂಗ್ ಕರೆಂಟ್ ಹೋದ್ರ ಅದೂ ಮಲಗತೈತಿ, ನಿಮ್ಮ ರೌಟರ್ ಲೈಟ್ ಉರ್ಕೋತ ಕುಂದರತೈತಿ, ನೆಟ್ ಇಲ್ಲ. ನಮ್ಮ ಬಾಜೂ ವಿಂಗ್‌ನವ್ರ ಕಥಿ ಇದ, ಡಬ್ಬಿ ತಗೊಂಡ ಮ್ಯಾಲ ಗೊತ್ತಾತು ಪಾಪ.

ಯಾರೂ ಹೇಳದ ಒಂದು ಉಪಯೋಗ ಐತಿ. ಗುಡುಗು ಸಿಡಿಲು ಚಾಲೂ ಆಗೂದಕ್ಕಿಂತ ಮೊದ್ಲ ಅಡಾಪ್ಟರ್ ಗ್ವಾಡಿಯಿಂದ ಕಿತ್ತು ಇಡ್ರಿ, ರೌಟರ್ ಬ್ಯಾಟರಿ ಮ್ಯಾಲ ನಡೀತಿರತೈತಿ, ಕರೆಂಟ್ ಲೈನ್‌ನಿಂದ ಬರೋ ಝಟಕಾ ಒಳಗ ಬರಂಗಿಲ್ಲ. ಸಿಡಿಲಿನಿಂದ ಈ ಡಬ್ಬಿ ತಾನಾಗೆ ಕಾಪಾಡತೈತಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ, ಕೀಳೂದು ನೀವ ಕೀಳಬೇಕು.

ಬ್ಯಾಸರ ಆಗಿದ್ದೂ ಅದಾವು. ಬ್ಯಾಟರಿ ಎಷ್ಟು ಉಳದೈತಿ ಅಂತ ತೋರಸಂಗಿಲ್ಲ, ಒಂದ ಒಂದು ಕೆಂಪ ಲೈಟ್, ಅದೂ ಮುಗಿಯೋ ಹೊತ್ತಿಗೆ ಹತ್ತತೈತಿ. ವೈರ್ ಗಿಡ್ಡ. ಚಾರ್ಜ್ ಆಗೋ ಮುಂದ ಬೆಚ್ಚಗಾಗತೈತಿ, ಹಂಗಾಗಿ ಬಟ್ಟಿ ಕೆಳಗ, ಪುಸ್ತಕದ ನಡುವ ಇಡಬ್ಯಾಡ್ರಿ, ಉಬ್ಬಿದಂಗ ಕಂಡ್ರ ಆವತ್ತ ತಗದುಬಿಡ್ರಿ.

ಪುಣೆ ಅಕ್ಕಾರು ತಮಗೂ ಒಂದು ಕಳಸು ಅಂತ ಗಂಟು ಬಿದ್ದಾರ. ಕೆಲವು ರೌಟರ್ 9 ವೋಲ್ಟ್ ಇರ್ತಾವು, ಅದಕ್ಕ 12 ಹಚ್ಚಿದ್ರ ಸುಟ್ಟು ಹೋಗಬಹುದು, ಅಡಾಪ್ಟರ್ ಮ್ಯಾಲ ಔಟ್‌ಪುಟ್ ಅಂತ ಸಣ್ಣಕ್ಷರದಾಗ ಬರದಿರೋ ಸಾಲು ಓದಿ ಹೇಳ್ರಿ ಅಕ್ಕಾ ಅಂದೀನಿ. ಚಷ್ಮಾ ಸಿಗವಲ್ದು ಅಂತ ಹೇಳ್ಕೋತ ಕುಂತಾರ, ದಿನಾ ರಾತ್ರಿ ಚೆಸ್ ಆಡಾಕ ಮಾತ್ರ ಸಿಗತೈತಿ.