ಎರೆಗೊಬ್ಬರ ಅಂತ ಬೆಂಗಳೂರಿನ ಕಸ ಮಾರ್ತಿದ್ದಾರೆ, ಹುಷಾರು

ಬೆಂಗಳೂರಿನಲ್ಲಿದ್ದುಕೊಂಡು ಊರಿನ ಹೊಲಕ್ಕೆ ಗೊಬ್ಬರ ಕಳಿಸುವವರು ದಯವಿಟ್ಟು ಓದಿ. ಮಾಗಡಿ ರಸ್ತೆ ಕಡೆಯ ಒಂದು ಅಂಗಡಿಯವರು ನನಗೆ ಎರೆಗೊಬ್ಬರ ಅಂತ ಕಸ ಮಾರಿದ್ದಾರೆ. ಹೌದು, ಕಸ.

ನಮ್ಮ ಹೊಲ ಕಲಘಟಗಿ ಹತ್ತಿರ. ಮುಂಗಾರಿಗೆ ಸೋಯಾಬೀನ್. ಈ ಸಲ ಡಿಎಪಿ, ಯೂರಿಯಾ ಬಿಟ್ಟು ಸಾವಯವದಲ್ಲಿ ಬೆಳೆಯೋಣ ಅಂತ ಕಾಕಾನನ್ನು ಒಪ್ಪಿಸಿದ್ದೆ. ಅಂಗಡಿಯವರ ಮಾತು ಕೇಳಬೇಕಿತ್ತು ನೀವು. "ಒಂದೇ ಸೀಸನ್ ಸಾರ್, ಆರ್ಗ್ಯಾನಿಕ್ ಸರ್ಟಿಫಿಕೇಟ್ ನಾವೇ ಮಾಡಿಸಿಕೊಡ್ತೀವಿ, ಬೆಳೆನೂ ಜಾಸ್ತಿ ರೇಟಿಗೆ ನಾವೇ ತಗೋತೀವಿ." ಒಂದೇ ಸೀಸನ್ನಂತೆ! ಎನ್‌ಪಿಒಪಿ, ಅಂದರೆ ಕೇಂದ್ರ ಸರ್ಕಾರದ ಸಾವಯವ ಪ್ರಮಾಣಪತ್ರದ ನಿಯಮದ ಪ್ರಕಾರ, ಇಂಥ ಬೆಳೆಗೆ ಬಿತ್ತನೆಗೆ ಮೊದಲೇ 2 ವರ್ಷ ಹೊಲ ಪರಿವರ್ತನೆಯಲ್ಲಿರಬೇಕು, ಅಂದರೆ ರಾಸಾಯನಿಕ ಬಿಟ್ಟು ಸಾವಯವದಲ್ಲೇ ನಡೆದಿರಬೇಕು. ಅದೇ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ವಾ?

ಹೊಲದಲ್ಲಿ ಚೀಲ ಬಿಚ್ಚಿದೆವು. ಕೈ ಹಾಕಿದರೆ ಒಳಗೆ ಬಿಸಿ. ಹುಳಿ ನಾತ. ಮರದ ಹೊಟ್ಟು, ಶಾಂಪೂ ಸ್ಯಾಶೆ, ಗಾಜಿನ ಚೂರು. ಕಾಕಾ ಒಂದು ಬೊಗಸೆ ಎತ್ತಿ ನೋಡಿ, "ಅಲ್ಲೋ ತಮ್ಮಾ, ಬೆಂಗಳೂರಾಗ ಕಸಾ ಒಯ್ಯಾಕ ಗಾಡಿ ಬರಂಗಿಲ್ಲೇನು?" ಅಂದರು. ಆಳುಗಳೆಲ್ಲ ನಕ್ಕರು. ನನ್ನ ಮುಖ ಎಲ್ಲಿಡಲಿ?

ಇಷ್ಟಕ್ಕೇ ಮುಗಿಯಲಿಲ್ಲ. ಬೀಜೋಪಚಾರಕ್ಕೆ ಕೊಟ್ಟ ರೈಜೋಬಿಯಂ ಪ್ಯಾಕೆಟ್ ಮೇಲೆ ಒಂದು ಸ್ಟಿಕ್ಕರ್ ಇತ್ತು. ಉಗುರಿನಲ್ಲಿ ಕೆರೆದೆ. ಕೆಳಗೆ ಹಳೇ ತಾರೀಖು. ಅವಧಿ ಯಾವಾಗಲೋ ಮುಗಿದಿದೆ! ಅದು ಜೀವಂತ ಬ್ಯಾಕ್ಟೀರಿಯಾ ರೀ. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡಬೇಕಾದದ್ದು. ಸತ್ತದ್ದನ್ನ ಬೀಜಕ್ಕೆ ಸವರಿ ಏನು ಬಂತು?

ಫೋನ್ ಮಾಡಿದೆ. "ನಾತ ಬಂದರೇನೇ ಜೀವಂತ ಗೊಬ್ಬರ ಸಾರ್." ಗಾಜು? "ಅದು ಲೋಡಿಂಗ್‌ನಲ್ಲಿ ಬಿದ್ದಿರಬೇಕು." ಸ್ಟಿಕ್ಕರ್? "ಕಂಪನಿಯಿಂದಲೇ ಹಾಗೆ ಬರುತ್ತೆ."

ತಿರುಗಿ ಪೇಟೆಗೆ ಓಡುವಷ್ಟು ಹದ ಉಳಿದಿರಲಿಲ್ಲ. ಗೊಬ್ಬರ ಚೆಲ್ಲಾಗಿತ್ತು, ಬೀಜ ಬಿತ್ತಾಯಿತು. ಗಿಡ ಹಳದಿಯಾಯಿತು. ಅರೆಕೊಳೆತ ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತೆ. ಕಿತ್ತು ನೋಡಿದರೆ ಬೇರಲ್ಲಿ ಅಲ್ಲೊಂದು ಇಲ್ಲೊಂದು ಗಂಟು, ಒಡೆದರೆ ಒಳಗೆ ಬಿಳಿ. ಕೆಲಸ ಮಾಡುವ ಗಂಟು ಗುಲಾಬಿ ಬಣ್ಣ ಇರುತ್ತೆ. ಫೋಟೋ ಕಳಿಸಿದೆ. ಬಂದ ಉತ್ತರ: "ನಿಮ್ಮ ಮಣ್ಣಿಗೆ ಕೆಮಿಕಲ್ ಚಟ ಹಿಡಿದಿದೆ ಸಾರ್, ಸಾವಯವಕ್ಕೆ ತಾಳ್ಮೆ ಬೇಕು." ಉಪದೇಶ ಬೇರೆ!

ದುಡ್ಡು ವಾಪಸ್ ಕೇಳಿದೆ. "ಬಿಲ್ ಇದೆಯಾ?" ಅಂದರು. ಅವರೇ ಕೊಟ್ಟದ್ದು ಎಸ್ಟಿಮೇಟ್ ಚೀಟಿ!

ಬಿಲ್ ಇಲ್ಲದೆ ಒಂದು ಚೀಲವೂ ಎತ್ತಬೇಡಿ. ರಸಗೊಬ್ಬರ ನಿಯಂತ್ರಣ ಆದೇಶ 1985 ಎರೆಗೊಬ್ಬರಕ್ಕೂ ಅನ್ವಯಿಸುತ್ತೆ, ಕೆಟ್ಟ ವಾಸನೆ ಇರಲೇಬಾರದು. ಲಾರಿಗೆ ಏರಿಸುವ ಮುಂಚೆ ಅಲ್ಲೇ ಚೀಲ ಬಿಚ್ಚಿಸಿ, ಮೂಸಿ, ಕೈ ಹಾಕಿ. ಮುಖ ಸಿಂಡರಿಸಿದರೆ ಸಿಂಡರಿಸಲಿ. ರೈಜೋಬಿಯಂ ತಾರೀಖಿನ ಮೇಲೆ ಸ್ಟಿಕ್ಕರ್ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ತಮ್ಮನ ಫೋನಿನಲ್ಲಿ ಅವರ ಸ್ಟೇಟಸ್ ಕಾಣುತ್ತೆ: ಹಿಂಗಾರಿನ ಆಫರ್ ಶುರುವಾಗಿದೆ. ಕಡಲೆ ಬಿತ್ತುವವರು ನೋಡಿಕೊಳ್ಳಿ.